ವಸಡಿನ ತೇಪೆ

ನನ್ನ ಎಡಗೈಯ ತೋರುಬೆರಳಿಗೆ ಎಂಟು ತಿಂಗಳಿಂದ ಕೆಲಸವಿಲ್ಲ. ಉಳಿದವು ಎಂದಿನಂತೆ ದುಡಿಯುತ್ತಿವೆ. ರೊಟ್ಟಿ ಬಡಿಯುತ್ತವೆ, ಹಾಜರಿ ಪುಸ್ತಕ ತಿರುವುತ್ತವೆ, ಫೋನಿನ ಗಾಜು ತೀಡುತ್ತವೆ. ಇದೊಂದು ಮಾತ್ರ ಬೆಳಗಾಯಿತೆಂದರೆ ತನ್ನಷ್ಟಕ್ಕೆ ತಾನೇ ಬಾಯಿಯ ಕಡೆ ಹೊರಡುತ್ತದೆ. ಅರ್ಧ ದಾರಿಯಲ್ಲಿ ನನಗೆ ಎಚ್ಚರವಾಗಿ ತಡೆದರೆ, ಬಂದ ತಪ್ಪಿಗೆ ಮೂಗನ್ನಾದರೂ ತುರಿಸಿ ವಾಪಸು ಹೋಗುತ್ತದೆ. ಮೂವತ್ತು ವರ್ಷದ ನೌಕರಿಯಿಂದ ಒಮ್ಮೆಲೇ ಬಿಡಿಸಿದರೆ ಯಾರಿಗಾದರೂ ಹೀಗೇ ಆಗುತ್ತದೆ. ನನಗೂ ಇನ್ನೆರಡು ವರ್ಷಕ್ಕೆ ಶಾಲೆಯಿಂದ ನಿವೃತ್ತಿಯಿದೆ. ಆಮೇಲೆ ನಾನೂ ಬೆಳಗಾದರೆ ಗೇಟಿನ ತನಕ ಹೋಗಿ ಬರುತ್ತೇನೋ ಏನೋ.

ಆ ಬೆರಳಿಗಿದ್ದ ಕೆಲಸವೆಂದರೆ ಮಿಶ್ರಿ ಹಚ್ಚುವುದು. ನಿಪ್ಪಾಣಿ ಕಡೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಾದರೆ ಕೇಳಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕೈಯಲ್ಲೇ ತಿಕ್ಕಿ ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿ ತುಂಬಿಡುತ್ತಾರೆ. ಬೆಳಗ್ಗೆ ಎದ್ದು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಬೆರಳ ತುದಿಗೆ ಹತ್ತಿಸಿಕೊಂಡು, ಹಲ್ಲು ವಸಡು ತಿಕ್ಕುತ್ತ ಕೂರುತ್ತಾರೆ. ಹೆಚ್ಚಾಗಿ ಹೆಂಗಸರು. ಹಲ್ಲುಜ್ಜುವುದು ಎನ್ನುವುದು ಅದರ ಸರಕಾರಿ ಹೆಸರು. ಆದರೆ ಹಲ್ಲುಜ್ಜಲು ಯಾರಿಗೂ ಮುಕ್ಕಾಲು ಗಂಟೆ ಬೇಕಾಗುವುದಿಲ್ಲ. ತಲೆ ಸ್ವಲ್ಪ ಹಗುರಾಗಿ, ಕಣ್ಣು ಅರ್ಧ ಮುಚ್ಚಿ, ಹೊಟ್ಟೆಯಲ್ಲಿ ಏನೋ ಅಲುಗಾಡಿ, ಸಂಡಾಸಿಗೆ ಹೋಗುವ ಧೈರ್ಯ ಬರುವ ತನಕ ಆ ಬೆರಳು ಬಾಯಿಯಿಂದ ಹೊರಗೆ ಬರುವುದಿಲ್ಲ.

ನಾನು ಹುಟ್ಟಿದ ಮನೆಯಲ್ಲಿ ಈ ಚಟ ಇರಲಿಲ್ಲ. ನಮ್ಮದು ರಾಯಬಾಗದ ಹತ್ತಿರದ ಕಬ್ಬಿನ ಊರು. ಅಲ್ಲಿ ಹಲ್ಲಿನ ಪರೀಕ್ಷೆ ಕಬ್ಬಿನ ಮೇಲೆ ನಡೆಯುತ್ತಿತ್ತು. ಕುಡಗೋಲಿನಿಂದ ಸಿಪ್ಪೆ ತೆಗೆದು, ತುಂಡು ಮಾಡಿ, ತಾಟಿನಲ್ಲಿಟ್ಟುಕೊಂಡು ಕಬ್ಬು ತಿನ್ನುವವರನ್ನು ಕಂಡರೆ ನಮ್ಮಪ್ಪನಿಗೆ ಕನಿಕರ. ಅವರು ಪಾಪ ಯಾವುದೋ ರೋಗದಿಂದ ಎದ್ದು ಬಂದಿದ್ದಾರೆ ಎಂಬಂತೆ ನೋಡುತ್ತಿದ್ದರು. ನನ್ನನ್ನು ನೋಡಲು ನಿಪ್ಪಾಣಿಯಿಂದ ಗಂಡಿನ ಕಡೆಯವರು ಬಂದಾಗ, ಉಪ್ಪಿಟ್ಟು ಚಹಾ ಆದ ಮೇಲೆ, ಅಪ್ಪ ಹೊಲದಿಂದ ಹಸಿ ಕಬ್ಬು ತರಿಸಿದರು. ಗಂಡು ಜೇಬಿನಿಂದ ಚಾಕು ತೆಗೆದ. ನಾನು ಹೆದರಿ ತಲೆ ತಗ್ಗಿಸಿ ಕೂತಿದ್ದವಳು ಅಭ್ಯಾಸಬಲದಿಂದ ಕಬ್ಬಿನ ಒಂದು ಗಣಿಕೆಯನ್ನು ಬಾಯಿಗೆ ಕೊಟ್ಟು ಸರ್ರನೆ ಸಿಪ್ಪೆ ಎಳೆದುಬಿಟ್ಟೆ. ಗಂಡಿನ ತಾಯಿ ಅದನ್ನು ನೋಡಿ, "ಪೋರಿ ಹಲ್ಲ ಗಟ್ಟಿ ಅದಾವ" ಎಂದರು. ಸಂಬಂಧ ಕೂಡಿತು. ಮುಂದೆ ಅವರ ಬಾಯಿಂದ ನನ್ನ ಬಗ್ಗೆ ಹೊಗಳಿಕೆ ಎಂದು ಕೇಳಿದ್ದು ಅಷ್ಟೇ ಅನ್ನಬಹುದು.

ಅತ್ತೆ ಕೆಟ್ಟವರಲ್ಲ. ಮಾತು ಕಡಿಮೆ, ಅಷ್ಟೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಂಬಾಕಿನ ವಖಾರಿಯಲ್ಲಿ, ಎಂದರೆ ಗೋದಾಮಿನಲ್ಲಿ, ಎಲೆ ಆರಿಸುವ ಕೆಲಸ ಮಾಡಿ ಮಗನನ್ನು ಓದಿಸಿದವರು. ವಖಾರಿಯಲ್ಲಿ ದಿನವಿಡೀ ಧೂಳಿನಲ್ಲಿ ಬಾಯಿಗೆ ಸೆರಗು ಕಟ್ಟಿಕೊಂಡು ಕೂತವರಿಗೆ ಮನೆಗೆ ಬಂದ ಮೇಲೂ ಸೆರಗು ಬಿಚ್ಚುವುದು ನೆನಪಾಗುವುದಿಲ್ಲ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ನಮ್ಮವರು ಎಂದರೆ ಅವರ ಮಗ, ನನ್ನ ಗಂಡ. ಸಹಕಾರಿ ಸಂಘದಲ್ಲಿ ಗುಮಾಸ್ತರು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಅತ್ತೆ ಏನೂ ಅನ್ನುತ್ತಿರಲಿಲ್ಲ, ಸರಿಯಾಗಿದ್ದರೂ ಏನೂ ಅನ್ನುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಗೆ ಬೈಗುಳಕ್ಕಿಂತ ಇದು ಕಷ್ಟ. ಬೈದರೆ ಯಾವುದಕ್ಕೆ ಬೈದರೆಂದಾದರೂ ತಿಳಿಯುತ್ತದೆ.

ಮಿಶ್ರಿ ಹುರಿಯುವ ದಿನ ಮನೆಯೆಲ್ಲ ಕೆಮ್ಮು. ನಾನು ಮೊದಲ ಸಲ ಆ ಘಾಟಿಗೆ ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಿದ್ದೆ. ಹೀಗಿದ್ದವಳನ್ನು ದಾರಿಗೆ ತಂದದ್ದು ಒಂದು ದವಡೆ ಹಲ್ಲು. ಮಗಳು ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಲ್ಲಿ, ಹಲ್ಲು ನೋಯಲು ಶುರುವಾಯಿತು. ಬಸುರಿ ಹೆಂಗಸಿನ ಹಲ್ಲು ಕೀಳಲು ಡಾಕ್ಟರು ಒಪ್ಪಲಿಲ್ಲ. ನಾನು ಹಿತ್ತಲ ಕಟ್ಟೆಯ ಮೇಲೆ ಗಲ್ಲ ಹಿಡಿದುಕೊಂಡು ಅಳುತ್ತ ಕೂತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು. ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಟಿಕೆ ಹಾಕಿ ನನ್ನ ಮುಂದೆ ಸರಿಸಿದರು.

"ಹಚ್ಚಕೊ. ನೋವ ಹೋಗತೈತಿ."

ಹಚ್ಚಿಕೊಂಡೆ. ಹಿತ್ತಲು ಗರಗರ ತಿರುಗಿತು. ತುಳಸಿಕಟ್ಟೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತೆ. ಅತ್ತೆ ನಕ್ಕರು. ಮದುವೆಯಾಗಿ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋವು ಹೋಯಿತೋ, ಆ ನಗುವಿನಲ್ಲಿ ಮರೆತುಹೋಯಿತೋ ಹೇಳಲಾರೆ. ಮರುದಿನ ಬೆಳಗ್ಗೆ ನಾನಾಗಿಯೇ ಕಟ್ಟೆಯ ಮೇಲೆ ಹೋಗಿ ಕೂತೆ.

ಹೀಗೆ ಶುರುವಾದದ್ದು ಮೂವತ್ತು ವರ್ಷ ನಡೆಯಿತು. ಬೆಳಗ್ಗೆ ಮುಕ್ಕಾಲು ಗಂಟೆ, ಅತ್ತೆ ಕಟ್ಟೆಯ ಆ ತುದಿಗೆ, ನಾನು ಈ ತುದಿಗೆ, ನಡುವೆ ಡಬ್ಬಿ. ದಿನದ ಉಳಿದ ಹೊತ್ತಿನಲ್ಲಿ ಮಾತಾಡದ ಅತ್ತೆ ಆಗ ಮಾತಾಡುತ್ತಿದ್ದರು. ಬಾಯಲ್ಲಿ ಬೆರಳಿದ್ದಾಗ ಯಾರೂ ಜೋರಾಗಿ ಮಾತಾಡಲಾರರು; ಮಾತು ಮೆತ್ತಗಾಗಿ, ಅರ್ಧರ್ಧ ಹೊರಗೆ ಬರುತ್ತದೆ. ವಖಾರಿಯಲ್ಲಿ ಕೆಲಸ ನೋಡಿಕೊಳ್ಳುವ ಮುಕಾದಮನ ಸುದ್ದಿ, ಗಂಡ ಸತ್ತ ವಾರದಲ್ಲೇ ಕೆಲಸಕ್ಕೆ ಹೋದ ಸುದ್ದಿ, ಅಲ್ಲಿಯ ಹೆಂಗಸರು ತಮ್ಮ ಪಾಲಿನ ಎಲೆಗಳನ್ನು ಇವರ ರಾಶಿಗೆ ಹಾಕಿ ದಿನದ ಕೆಲಸ ತುಂಬಿಸಿಕೊಟ್ಟ ಸುದ್ದಿ, ಎಲ್ಲ ನನಗೆ ತಿಳಿದದ್ದು ಹಾಗೆ. ನಡುನಡುವೆ ಉಗುಳಲು ಏಳುತ್ತಿದ್ದರು. ಅಳು ಬಂದ ಕಡೆಗಳಲ್ಲಿ ಸ್ವಲ್ಪ ಬೇಗ ಬೇಗ ಏಳುತ್ತಿದ್ದರು.

ಇಷ್ಟು ಮಾಡಿ, ಬಾಯಿ ತೊಳೆದು, ಏಲಕ್ಕಿ ಜಗಿದು, ಸೀರೆ ಉಟ್ಟು ನಾನು ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ನಾನು ಮಕ್ಕಳಿಗೆ ಪಾಠ ಹೇಳುವ ಅಕ್ಕೋರು. ವರ್ಷಕ್ಕೊಮ್ಮೆ ತಂಬಾಕಿನ ವಿರುದ್ಧ ಮಕ್ಕಳ ಮೆರವಣಿಗೆ ತೆಗೆಯುವ ಆದೇಶ ಬರುತ್ತಿತ್ತು. ಆ ಜವಾಬ್ದಾರಿ ಪ್ರತಿ ವರ್ಷ ನನಗೇ ಬೀಳುತ್ತಿತ್ತು, ಏಕೆಂದರೆ ನನ್ನ ದನಿ ದೊಡ್ಡದು. ತಂಬಾಕಿನಿಂದಲೇ ಒಲೆ ಉರಿಯುವ ಊರಿನ ನಡುಬೀದಿಯಲ್ಲಿ "ಬಿಡಿ ಬಿಡಿ ತಂಬಾಕು ಬಿಡಿ" ಎಂದು ಕೂಗಿಸುತ್ತ ನಾನು ಮುಂದೆ ನಡೆಯುತ್ತಿದ್ದೆ. ಅಂಗಡಿಯವರು ನಕ್ಕು ಮಕ್ಕಳಿಗೆ ನೀರು ಕೊಡುತ್ತಿದ್ದರು. ನನ್ನ ಚೀಲದ ಒಳಜೇಬಿನಲ್ಲಿ ಡಬ್ಬಿ ಇರುತ್ತಿತ್ತು. ನಾಚಿಕೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು, ಮಧ್ಯಾಹ್ನದ ತನಕ.

ಹೋದ ವರ್ಷ ಶಾಲೆಯಲ್ಲಿ ಎಲ್ಲರೂ ನಿಂತು ಒಂದು ಫೋಟೋ ತೆಗೆಸಿಕೊಂಡೆವು. ಅದು ಫೋನಿಗೆ ಬಂದಾಗ ಎಲ್ಲರಂತೆ ನಾನೂ ಮೊದಲು ನನ್ನ ಮುಖವನ್ನೇ ದೊಡ್ಡದು ಮಾಡಿ ನೋಡಿದೆ. ನಗುವಿನಲ್ಲಿ ಏನೋ ಹೆಚ್ಚಾಗಿತ್ತು. ಕೆಳಗಿನ ಎರಡು ಮುಂದಿನ ಹಲ್ಲುಗಳು ಉಳಿದವಕ್ಕಿಂತ ಉದ್ದ ಕಾಣುತ್ತಿದ್ದವು. ಐವತ್ತೇಳನೇ ವಯಸ್ಸಿನಲ್ಲಿ ಹಲ್ಲು ಬೆಳೆಯುವುದುಂಟೆ? ಕನ್ನಡಿಯಲ್ಲಿ ತುಟಿ ಎಳೆದು ನೋಡಿದರೆ ಹಲ್ಲು ಬೆಳೆದಿರಲಿಲ್ಲ, ವಸಡು ಕೆಳಗಿಳಿದಿತ್ತು. ಹಲ್ಲಿನ ಬೇರು ಹಳದಿಯಾಗಿ ಹೊರಗೆ ಕಾಣುತ್ತಿತ್ತು. ತಣ್ಣೀರು ಕುಡಿದಾಗಲೆಲ್ಲ ಯಾಕೆ ಜುಮ್ಮೆನ್ನುತ್ತಿತ್ತು ಎಂಬುದು ಆಗ ತಿಳಿಯಿತು. ಕಬ್ಬು ಸುಲಿದು ಸಂಬಂಧ ಗೆದ್ದ ಹಲ್ಲುಗಳು ಅವೇ.

ನಮ್ಮ ಊರಿನಲ್ಲಿ ಹೊಸದಾಗಿ ದವಾಖಾನೆ ಹಾಕಿದ ಡಾಕ್ಟರ್ ನಸೀಮಾ ನನ್ನ ವಿದ್ಯಾರ್ಥಿನಿ. ಸೈಕಲ್ ರಿಪೇರಿ ಮಾಡುವವರ ಮಗಳು, ನಾಲ್ಕನೇ ತರಗತಿಯಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿತವಳು. ವಸಡಿನ ವಿಷಯದಲ್ಲೇ ಹೆಚ್ಚಿನ ಓದು ಓದಿ ಬಂದಿದ್ದಳು. ಕುರ್ಚಿಯಲ್ಲಿ ನನ್ನನ್ನು ಮಲಗಿಸಿ, ಸಣ್ಣ ಕನ್ನಡಿ ಬಾಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಹಿಂಗ ಬಿಟ್ರ ಈ ಎರಡ ಹಲ್ಲ ಉಳಿಯೂದಿಲ್ರಿ ಅಕ್ಕೋರ. ವಸಡಿಗೆ ತ್ಯಾಪಿ ಹಾಕಬೇಕು."

"ತ್ಯಾಪಿ ಹಾಕಾಕ ಬಟ್ಟಿ ಎಲ್ಲಿಂದ ತರತಿ?"

"ನಿಮ್ಮ ಅಂಗಳದಿಂದನ ತಗೋತೀನ್ರಿ. ಒಂದ ಸಣ್ಣ ತುಂಡ. ಇಲ್ಲಿ ತಂದು ಹೊಲೀತೀನಿ. ಹತ್ತ ದಿನದಾಗ ಹಿಡಕೋತೈತಿ."

ಬಾಯಿಯ ಮೇಲ್ಭಾಗವನ್ನು, ಎಂದರೆ ಅಂಗುಳನ್ನು, ನಮ್ಮ ಕಡೆ ಅಂಗಳ ಎನ್ನುತ್ತಾರೆ. ಇಂಥ ಕೆಲಸಕ್ಕೆ ನಮ್ಮ ಊರಿನವರು ಕೊಲ್ಲಾಪುರಕ್ಕೆ ಹೋಗುವುದು ರೂಢಿ. ಕಲಿಯುವಾಗ ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತಿರುವಾಗ ಅವಳು ಮಾಡಿದ್ದುಂಟಂತೆ. ಸ್ವಂತ ದವಾಖಾನೆಯಲ್ಲಿ, ಒಬ್ಬಳೇ, ನಾನೇ ಮೊದಲನೆಯವಳು. ಇದನ್ನು ಅವಳು ಮುಚ್ಚಿಡದೆ ಹೇಳಿದಳು. ಹೆದರಿಕೆಯಿದ್ದರೆ ಕೊಲ್ಲಾಪುರಕ್ಕೆ ಚೀಟಿ ಕೊಡುತ್ತೇನೆ ಎಂದೂ ಹೇಳಿದಳು. ನೀನೇ ಮಾಡು ಎಂದೆ. ಅವಳ ಮುಖ ಅರಳಿತು. ಕಾಗದ ತೆಗೆದುಕೊಂಡು ಪ್ರಶ್ನೆ ಕೇಳುತ್ತ ಬರೆದುಕೊಂಡಳು: ಸಕ್ಕರೆ ಕಾಯಿಲೆ ಇದೆಯೇ, ರಕ್ತದ ಒತ್ತಡ ಇದೆಯೇ.

"ತಂಬಾಕಿಂದೇನರ ಐತೇನ್ರಿ? ನಿಮ್ಮನ್ನ ಕೇಳೂದ ತಪ್ಪ, ಆದರೂ ಎಲ್ಲಾರಿಗೂ ಕೇಳ್ತೀನಿ. ತಂಬಾಕ ತಾಗಿದ್ರ ತ್ಯಾಪಿ ಹಿಡಿಯೂದಿಲ್ಲ."

"ಇಲ್ಲ" ಎಂದೆ.

ಒಂದು ಕ್ಷಣವೂ ತಡವಾಗಲಿಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಎರಡು ದಿನ ಮೊದಲೇ ಬಿಡುವುದು, ತೇಪೆ ಹಿಡಿಯುವ ತನಕ ಮುಟ್ಟದಿರುವುದು, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ. ಮಕ್ಕಳು ಮನೆಗೆಲಸ ಮಾಡದೆ ಬಂದು ಸಂಜೆ ಮಾಡುತ್ತೇವೆ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿರಲಿಲ್ಲ.

ಅತ್ತೆಗೆ ಇನ್ನೊಂದು ಸುಳ್ಳು. ಬಾಯೊಳಗಿನ ಚರ್ಮ ಕೊಯ್ದು ಬಾಯೊಳಗೇ ಹೊಲಿಸಿಕೊಳ್ಳುತ್ತೇನೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಎಂಬತ್ತೆರಡು ವರ್ಷದ ಅವರ ಬಾಯಲ್ಲಿ ಇನ್ನೂ ಹದಿನಾಲ್ಕು ಹಲ್ಲುಗಳಿವೆ, ಎಲ್ಲ ಮಿಶ್ರಿಯ ಪುಣ್ಯ ಎಂದು ಅವರ ನಂಬಿಕೆ. ಉಳಿದ ಹದಿನೆಂಟು ಯಾವುದರ ಪುಣ್ಯದಿಂದ ಹೋದವು ಎಂದು ನಾನು ಯಾವತ್ತೂ ಕೇಳಿಲ್ಲ. "ಹಲ್ಲ ಸ್ವಚ್ಛ ಮಾಡಿಸಕೊಂಡ ಬರ್ತೀನ್ರಿ ಅತ್ಯಾರ" ಎಂದು ಹೇಳಿ ಹೊರಟೆ. ಹೀಗೆ ಡಾಕ್ಟರಿಂದ ಮಿಶ್ರಿ ಮುಚ್ಚಿಟ್ಟೆ, ಅತ್ತೆಯಿಂದ ಹೊಲಿಗೆ ಮುಚ್ಚಿಟ್ಟೆ. ಗಂಡನಿಗೆ ಎರಡೂ ಗೊತ್ತಿತ್ತು. ಅವರು ಪತ್ರಿಕೆ ಓದುತ್ತಿದ್ದರು.

ನಸೀಮಾಳ ಕೈ ಹಗುರ. ಸೂಜಿ ಚುಚ್ಚಿದ್ದೊಂದು ತಿಳಿಯಿತು, ಆಮೇಲೆ ತುಟಿ ಗಲ್ಲ ಯಾರವೋ ಆಗಿಹೋದವು. ಮುಖದ ಮೇಲೆ ದೀಪ, ದೀಪದಾಚೆ ಅವಳ ಎರಡು ಕಣ್ಣು. ಹೊಲಿಗೆ ಹಾಕುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಮಗ್ಗಿ ಹೇಳುವಾಗಲೂ ಹಾಗೇ ಮಾಡುತ್ತಿದ್ದದ್ದು ನೆನಪಾಗಿ ನನಗೆ ನಗು ಬಂತು, ನಗಲು ಬಾಯಿ ನನ್ನದಾಗಿರಲಿಲ್ಲ. ಮುಗಿದ ಮೇಲೆ ಹೇಳಿ ಕಳಿಸಿದಳು: ತಣ್ಣನೆಯ ಗಂಜಿ, ಮಜ್ಜಿಗೆ ಅಷ್ಟೆ, ಬ್ರಷ್ ಬೇಡ, ಬೆರಳು ಬೇಡ, ಕನ್ನಡಿಯಲ್ಲಿ ತುಟಿ ಎಳೆದು ನೋಡುವುದೂ ಬೇಡ, ಹತ್ತನೇ ದಿನ ಬರಬೇಕು.

ಮೂರನೇ ದಿನದ ಹೊತ್ತಿಗೆ ಗಲ್ಲ ಬಾತು ಜೋತುಬಿದ್ದಿತ್ತು. ಅದರ ಮೇಲೆ ಮಿಶ್ರಿ ಬಿಟ್ಟು ಐದು ದಿನವಾಗಿತ್ತು. ತಲೆ ಸಿಡಿಯುತ್ತಿತ್ತು, ಹೊಟ್ಟೆ ಕಲ್ಲಾಗಿತ್ತು, ಯಾರು ಮಾತಾಡಿಸಿದರೂ ಸಿಟ್ಟು. ಶಾಲೆಗೆ ರಜೆ ಹಾಕಿದ್ದೆ. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಒಳಕೋಣೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕೂರಲು ಅವರಿಗೆ ಬಹಳ ಹೊತ್ತು ಹಿಡಿಯುತ್ತದೆ, ಮೊಣಕಾಲಿನ ಸದ್ದು ಕೇಳುತ್ತದೆ. ಕೂತರು. ಐದು ದಿನದಿಂದ ಅವರೊಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. ನಾನು ಒಂದು ಮಾತೂ ಹೇಳದೆ ತಪ್ಪಿಸಿಕೊಂಡಿದ್ದೆ.

"ಎಷ್ಟ ಬಾತೈತಿ ನೋಡ ಇದು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. "ಡಾಕ್ಟರ್ ಪೋರಿಗೆ ಏನ ತಿಳೀತೈತಿ."

ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆ ವಾಸನೆ. ಒಂದು ಕೈಯಿಂದ ನನ್ನ ಗದ್ದ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ, ಇನ್ನೊಂದು ಕೈಯ ಬೆರಳಿನಿಂದ ಮಿಶ್ರಿ ಹಚ್ಚಿದರು. ಹಚ್ಚುವುದೇನು, ಚೆನ್ನಾಗಿ ತಿಕ್ಕಿದರು. ಎಂಬತ್ತೆರಡು ವರ್ಷದ, ಎಲೆ ಆರಿಸಿ ಮರಗಟ್ಟಿದ ಬೆರಳು. ಒಂದು ಹೊಲಿಗೆ ಚಟ್ಟೆಂದು ಹರಿದದ್ದು ತಿಳಿಯಿತು. ರಕ್ತ ಉಪ್ಪುಪ್ಪಾಗಿ ಬಂತು.

ನಾನು ಎಚ್ಚರವಾಗಿದ್ದೆ. ನಿದ್ದೆಯ ನೆವ ಹೇಳಿ ನಿಮ್ಮಿಂದ ತಪ್ಪಿಸಿಕೊಳ್ಳಬಹುದು, ಹೇಳುವುದಿಲ್ಲ. ಅವರ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದೆ. ಸೆರಗಿನಿಂದ ನನ್ನ ಬಾಯಿ ಒರೆಸಿ, ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಗೋಡೆ ಹಿಡಿದು ಎದ್ದು ಹೋದರು.

ಹತ್ತನೇ ದಿನ, ಸೋಮವಾರ, ನಸೀಮಾ ತುಟಿ ಇಳಿಸಿ ನೋಡಿದಳು. ದೀಪ ಸರಿಸಿ ಮತ್ತೆ ನೋಡಿದಳು. ತೇಪೆ ಹಿಡಿದಿರಲಿಲ್ಲ. ಬೂದು ಬಣ್ಣಕ್ಕೆ ತಿರುಗಿ ಅರ್ಧ ಕಿತ್ತು ಬಂದಿತ್ತು. ಅದನ್ನು ನಿಧಾನವಾಗಿ ಬಿಡಿಸಿ ತೆಗೆದಳು. ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕೂತಳು.

"ನನ್ನ ಕೈ ತಪ್ಪೈತ್ರಿ ಅಕ್ಕೋರ. ತುಂಡ ತೆಳ್ಳಗ ತಗದಿರಬೇಕು. ಇಲ್ಲಾಂದ್ರ ಹೊಲಿಗಿ ಬಿಗಿ ಆಗಿರಬೇಕು."

"ಇರಲಿ ಬಿಡು" ಎಂದೆ.

"ಇರಲಿ ಅನ್ನಾಕ ಬರೂದಿಲ್ರಿ. ಚಿಕ್ಕೋಡಿಯಿಂದ ಒಬ್ಬರು ಶನಿವಾರ ಇದಕ್ಕ ಬರಾಕತ್ತಿದ್ರು. ಕೊಲ್ಲಾಪುರಕ್ಕ ಹೋಗ್ರಿ ಅಂತ ಹೇಳಿಬಿಡತೀನಿ. ಇನ್ನ ಮುಂದ ಬರೇ ಹಲ್ಲ ಕೀಳೂದು, ತುಂಬೂದು, ಅಷ್ಟ ಮಾಡ್ಕೊಂಡ ಇರ್ತೀನಿ."

ಅವಳು ಹಣ ವಾಪಸು ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಆ ಒಂದು ಒಳ್ಳೆಯತನ ತೋರಿಸಿ ಮನೆಗೆ ಬಂದೆ. ಬಾಗಿಲಲ್ಲೇ ಅತ್ತೆ ಕೂತಿದ್ದರು.

"ಬಾವು ಇಳದೈತಿಲ್ಲೊ?" ಎಂದು ಕೇಳಿದರು. "ಅವತ್ತ ನೀ ಮಲಗಿದ್ದಿ. ನಾನ ಒಂದೀಟ ಮಿಶ್ರಿ ಹಚ್ಚಿದೆ. ಅದಕ್ಕ ಗುಣಾ ಆತು."

"ಹೌದ್ರಿ ಅತ್ಯಾರ" ಎಂದೆ. ಅವರ ಮುಖದಲ್ಲಿ ಕಂಡ ಸಮಾಧಾನವನ್ನು ಕೆಡಿಸಲು ನನ್ನಿಂದಾಗಲಿಲ್ಲ. ಈಗಲೂ ಆಗುವುದಿಲ್ಲ.

ಎರಡು ದಿನ ನನಗೆ ಊಟ ಸೇರಲಿಲ್ಲ. ಗಂಡ ಪತ್ರಿಕೆ ಕೆಳಗಿಟ್ಟು, "ನಸೀಮಾ ಇನ್ನ ಸಣ್ಣಾಕಿ. ಕಲೀತಾಳ ಬಿಡು" ಎಂದರು. ಸಮಾಧಾನಕ್ಕೆಂದೇ ಅಂದದ್ದು. ಆದರೆ ಕಲಿಯುವುದೆಂದರೇನು ಎಂದು ನನಗೆ ಗೊತ್ತು. ನೌಕರಿಗೆ ಸೇರಿದ ಹೊಸದರಲ್ಲಿ ಒಮ್ಮೆ ಒಂದು ಹುಡುಗಿಯ ಪಾಟಿಯ ಮೇಲೆ ಸರಿಯಾದ ಲೆಕ್ಕಕ್ಕೆ ತಪ್ಪು ಗುರುತು ಹಾಕಿದ್ದೆ, ಯಾವುದೋ ಗಡಿಬಿಡಿಯಲ್ಲಿ. ಅವಳು ಪಾಟಿ ತೆಗೆದುಕೊಂಡು ಹೋಗಿ ಕೂತಳು. ಸಂಜೆ ನೆನಪಾಗಿ, ನಾಳೆ ಹೇಳೋಣ ಎಂದುಕೊಂಡೆ, ಮರೆತೆ. ಆಮೇಲೆ ನೋಡಿದರೆ ಆ ಹುಡುಗಿ ಪ್ರತಿ ಲೆಕ್ಕ ಮಾಡಿ, ಉತ್ತರ ಸರಿ ಬರೆದು, ನನ್ನ ಹತ್ತಿರ ಬರುವ ಮೊದಲು ಉಗುಳು ಹಚ್ಚಿ ಅಳಿಸಿ ಬೇರೆ ಏನಾದರೂ ಬರೆದು ತರುತ್ತಿದ್ದಳು. ಅವಳನ್ನು ಸರಿ ಮಾಡಲು ಒಂದು ವರ್ಷ ಸಾಕಾಗಲಿಲ್ಲ. ಮುಂದಿನ ವರ್ಷ ಅವಳ ಮನೆಯವರು ಉಗಾರ ಖುರ್ದಕ್ಕೆ, ಸಕ್ಕರೆ ಕಾರಖಾನೆಯ ಕೆಲಸಕ್ಕೆ ಹೋದರು. ಅಲ್ಲಿ ಅವಳು ಅಳಿಸುವುದನ್ನು ಬಿಟ್ಟಳೋ ಇಲ್ಲವೋ ನನಗೆ ಗೊತ್ತಿಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ದವಾಖಾನೆಗೆ ಹೋದೆ. ಮೆಟ್ಟಿಲ ಬುಡದಲ್ಲಿ ಎರಡು ಸಲ ನಿಂತೆ. ಮೂವತ್ತು ವರ್ಷ ಇಡೀ ಬೀದಿಗೆ ಕೇಳುವಂತೆ ಬೇಡವೆಂದು ಕೂಗಿದವಳು ಈಗ ಒಬ್ಬಳ ಮುಂದೆ ಹೌದೆಂದು ಹೇಳಬೇಕು. ದನಿಯೇ ಹೊರಡುವುದಿಲ್ಲ ಅನ್ನಿಸಿತು. ಒಳಗೆ ಯಾರೂ ಇರಲಿಲ್ಲ. ನಸೀಮಾ ಒಬ್ಬಳೇ ಕೂತು ಸಾಮಾನು ಒರೆಸಿಡುತ್ತಿದ್ದಳು.

"ಯಾಕ್ರಿ ಅಕ್ಕೋರ, ನೋವ ಐತೇನ್ರಿ?"

"ನೋವ ಇಲ್ಲ. ನೀ ಹಾಕಿದ ಹೊಲಿಗಿ ಸರಿ ಇತ್ತು ನಸೀಮಾ. ಮೂರನೇ ದಿನ ಅದರ ಮ್ಯಾಲ ಮಿಶ್ರಿ ಬಿತ್ತು. ನಮ್ಮ ಅತ್ತಿ ತಿಕ್ಕಿದ್ರು. ಔಷಧ ಅಂತ ತಿಳದು ಹಚ್ಚಿದ್ರು. ತ್ಯಾಪಿ ಹಾಕಿದ್ದು ನಾ ಅವರಿಗೆ ಹೇಳಿರಲಿಲ್ಲ."

ಅವಳು ಒರೆಸುವುದನ್ನು ನಿಲ್ಲಿಸಿದಳು. ಅಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ತಪ್ಪು ಮುದುಕಿಯ ಮೇಲೆ ಹೋಗುತ್ತಿತ್ತು.

"ಇನ್ನೊಂದೈತಿ. ನೀ ತಂಬಾಕಿನ ಮಾತ ಕೇಳಿದಾಗ ನಾ ಇಲ್ಲ ಅಂದೆ. ಮೂವತ್ತ ವರ್ಷದಿಂದ ನಾನೂ ಹಚ್ಚತೀನಿ. ಸುಳ್ಳ ಹೇಳಿದೆ."

ನಸೀಮಾ ತಲೆ ತಗ್ಗಿಸಿದಳು. "ಹಚ್ಚತಿದ್ರಿ ಅಂತ ಗೊತ್ತಿತ್ರಿ ಅಕ್ಕೋರ" ಎಂದಳು. "ನಾಕನೇತ್ತಾದಾಗ ನೀವು ಪಾಟಿ ನೋಡಾಕ ಬಗ್ಗಿದಾಗ ವಾಸನಿ ಬರ್ತಿತ್ತು. ನಮ್ಮ ನಾನಿ ಹಂತೇಕ ಬರೂ ವಾಸನಿ. ಅದಕ್ಕ ನಾ ಮುಂದಿನ ಸಾಲಿನ್ಯಾಗ ಕುಂದರತಿದ್ದೆ."

ಏಲಕ್ಕಿಗೆ ಸುರಿದ ಹಣವೆಲ್ಲ ದಂಡವಾಗಿತ್ತು.

"ಮತ್ತ ಇಲ್ಲ ಅಂತ ಯಾಕ ಬರಕೊಂಡಿ?"

"ಬಿಟ್ಟಿರಬೇಕು ಅಂದ್ಕೊಂಡೆ. ಅಕ್ಕೋರ ಇಲ್ಲ ಅಂದ ಮ್ಯಾಲ ಇಲ್ಲ."

ಅವಳು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ನನಗೆ ಅಳು ಬರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವಳು ನೀರು ತಂದುಕೊಟ್ಟಳು, ತಣ್ಣನೆಯದಲ್ಲ.

"ಒಂದ ಕೇಳ್ಲೇನ್ರಿ? ನಿಮ್ಮನಿ ಆಯಿ ಮಿಶ್ರಿ ಹಚ್ಚಬೇಕಾದ್ರ ನಿಮಗ ಎಚ್ಚರ ಇತ್ತೇನ್ರಿ?"

"ಇತ್ತು."

"ಕೈ ಹಿಡೀಬೇಕಿಲ್ರಿ ಹಂಗಾದ್ರ?"

ಚಟ ಎಂದು ಹೇಳಬಹುದಿತ್ತು. ಐದು ದಿನದ ಹಸಿವಿನಲ್ಲಿ ಆ ವಾಸನೆಗೆ ನಾಲಿಗೆ ಚಾಚಿದ್ದು ನಿಜ. ಅದನ್ನೇ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ಆ ಮನಿಗೆ ಬಂದ ಮೂವತ್ತೊಂದ ವರ್ಷ ಆತು. ಅವರು ನನ್ನ ಮಾರಿ ಮುಟ್ಟಿದ್ದು ಅದ ಮೊದಲ. ಹೆಂಗ ಹಿಡೀಲಿ?"

ನಸೀಮಾ ಖಾಲಿ ಲೋಟ ತೆಗೆದುಕೊಂಡು ಹೋಗಿ ಇಟ್ಟು ಬಂದಳು. ಕೆಳಗೆ ಯಾರದೋ ಟ್ರ್ಯಾಕ್ಟರು ಕಬ್ಬು ಹೇರಿಕೊಂಡು ಹೋಯಿತು, ಕಿಟಕಿಯ ಗಾಜು ಅದುರಿತು. ಮಿಶ್ರಿ ಬಿಟ್ಟು ಮೂರು ತಿಂಗಳಾದ ಮೇಲೆ ಬಂದರೆ ಮತ್ತೆ ತೇಪೆ ಹಾಕುತ್ತೇನೆ ಎಂದಳು, ಬಿಟ್ಟಿರುವುದನ್ನು ವಾಸನೆ ನೋಡಿಯೇ ನಂಬುತ್ತೇನೆ ಎಂದೂ ಸೇರಿಸಿದಳು. ಆಯಿಗೆ ಮಾತ್ರ ಏನೂ ಹೇಳಬೇಡಿ ಎಂದಳು. ಆಮೇಲೆ ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು, ಕಿಟಕಿಯ ಕಡೆ ತಿರುಗಿ ನಿಂತು ಮಾತಾಡಿದಳು.

"ನಾ ನಿಪ್ಪಾಣಿ ಹಲ್ಲಿನ ಡಾಕ್ಟರ್ರಿ. ನಿಮಗ ಕೊಲ್ಲಾಪುರಕ್ಕ ಹೋಗ್ರಿ ಅಂದಿದ್ನೆಲ್ರಿ, ಹೋಗಬ್ಯಾಡ್ರಿ. ಶನಿವಾರ ಇಲ್ಲೇ ಬರ್ರಿ. ನಾನ ಮಾಡತೀನಿ."

ಚಿಕ್ಕೋಡಿಯ ಹೆಂಗಸು ಆ ಕಡೆಯಿಂದ ಏನೋ ಕೇಳಿದರು. ಮೊದಲು ಯಾರಿಗಾದರೂ ಮಾಡಿದ್ದೀರಾ ಎಂದಿರಬೇಕು.

"ಹೌದ್ರಿ, ಒಬ್ಬರಿಗೆ ಮಾಡೀನಿ" ಎಂದಳು ನಸೀಮಾ. "ಅದು ಹಿಡೀಲಿಲ್ರಿ. ಆದ್ರ ನನ್ನ ಹೊಲಿಗಿ ಸರಿ ಇತ್ತು."